ಮೇಸ್ತ್ರಿ ಒಪ್ಪಿದ ಸದ್ದು

ಆ ಕಾರ್ಖಾನೆಯಲ್ಲಿ ಒಂದು ಕಾರು ತಯಾರಾಗಬೇಕಾದರೆ ಇನ್ನೂರು ಜೊತೆ ಕೈ ಬೇಕು. ಹೊಸ ಮಾದರಿಯೊಂದು ಗೇಟು ದಾಟಬೇಕಾದರೆ ಮಾತ್ರ ಒಂದೇ ಕೈ ಸಾಕು, ಅದು ಮೇಸ್ತ್ರಿಯ ಬಲಗೈ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಶೆಡ್ಡಿನವರು ಮೊದಲು ಹೇಳುತ್ತಿದ್ದ ಮಾತೇ ಇದು. ಹೇಳುವಾಗ ಸ್ವಲ್ಪ ಉಪ್ಪುಖಾರ ಹಚ್ಚುತ್ತಿದ್ದರು, ಆದರೆ ಸುಳ್ಳು ಹೇಳುತ್ತಿರಲಿಲ್ಲ.

ಮೇಸ್ತ್ರಿ ಎಂದರೆ ಸೈಲೆನ್ಸರ್ ಮೇಸ್ತ್ರಿ. ಎಂಜಿನ್ನಿನ ಹೊಗೆ ಹೊರಗೆ ಹೋಗುವ ಕೊಳವೆ, ಅದರ ಹೊಟ್ಟೆಯೊಳಗಿನ ತೂತಿನ ತಗಡು, ತಗಡಿನ ಸುತ್ತ ತುರುಕುವ ಗಾಜಿನ ಹತ್ತಿ, ಇವುಗಳ ಜೊತೆ ಮೂವತ್ತೊಂದು ವರ್ಷ ಹೆಣಗಿದವನು. ಊರಿನ ಬೇರೆ ಕಾರುಗಳಿಗೆ ಸೈಲೆನ್ಸರ್ ಹಾಕುವುದು ಸದ್ದಿನ ಬಾಯಿ ಮುಚ್ಚಿಸಲು. ಇಲ್ಲಿ ತಯಾರಾಗುತ್ತಿದ್ದದ್ದು ಸ್ಪೋರ್ಟ್ಸ್ ಕಾರು. ಅದರಲ್ಲಿ ಮೂರನೆಯವರು ಕೂರಲು ಜಾಗವಿಲ್ಲ, ಒಂದು ಪೆಟ್ಟಿಗೆ ಇಡಲು ಜಾಗವಿಲ್ಲ, ಇಳಿಯುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಆದರೂ ಜನ ಮುಗಿಬಿದ್ದು ಕೊಳ್ಳುತ್ತಾರೆಂದರೆ ಅದು ಆ ಸದ್ದಿಗಾಗಿ. ಒಂದು ಅಂಗುಲ ಕೊಳವೆ ಕತ್ತರಿಸಿ, ಒಂದು ಹಿಡಿ ಹತ್ತಿ ಕಿತ್ತು, ಮೇಸ್ತ್ರಿ ಆ ಸದ್ದಿಗೆ ಗಂಟಲು ಕೊಡುತ್ತಿದ್ದ.

ಕೊಟ್ಟದ್ದು ಸರಿಯಾಗಿದೆಯೇ ಎಂದು ನೋಡುವುದಕ್ಕೆ ಅವನದೊಂದು ಪದ್ಧತಿಯಿತ್ತು. ಶೂ ಬಿಚ್ಚಿಟ್ಟು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಬಗ್ಗಿ, ಬಲ ಅಂಗೈಯನ್ನು ಕಾರಿನ ನೆಲಕ್ಕೆ ಒತ್ತುತ್ತಿದ್ದ, ಕೊಳವೆ ಕೆಳಗೆ ಹಾದುಹೋಗುವ ಜಾಗಕ್ಕೇ ಸರಿಯಾಗಿ. ಆಮೇಲೆ ಕಣ್ಣು ಮುಚ್ಚಿಕೊಂಡು "ಹೊರಡಪ್ಪ" ಅನ್ನುತ್ತಿದ್ದ. ಕಿವಿಗೆ ಬೀಳುವ ಸದ್ದು, ಅಂಗೈಗೆ ತಾಗುವ ನಡುಕ ಎರಡೂ ಒಟ್ಟಿಗೆ ಏರಬೇಕು, ಒಟ್ಟಿಗೆ ಇಳಿಯಬೇಕು. ಒಂದು ಹಿಂದೆ ಬಿದ್ದರೂ ಕಾರು ವಾಪಸ್ ಶೆಡ್ಡಿಗೆ. "ಕಿವಿ ಬಲು ಪೆದ್ದು ಕಣ್ರೋ, ಹೊಗಳಿದ್ರೆ ಕರಗಿಬಿಡುತ್ತೆ. ಕೈ ಹಾಗಲ್ಲ, ಅದಕ್ಕೆ ದಾಕ್ಷಿಣ್ಯ ಇಲ್ಲ" ಎನ್ನುತ್ತಿದ್ದ. ಇದಕ್ಕಾಗಿಯೇ ಕಂಪನಿ ಒಪ್ಪಿಗೆ ಚೀಟಿಯಲ್ಲಿ ಎರಡು ಚೌಕ ಅಚ್ಚು ಹಾಕಿಸಿತ್ತು, ಒಂದರ ಮುಂದೆ ಕಿವಿ, ಇನ್ನೊಂದರ ಮುಂದೆ ಕೈ. ಎರಡಕ್ಕೂ ಗುರುತು ಹಾಕಿ ಮೇಸ್ತ್ರಿ ಸಹಿ ಮಾಡಿದರೆ ಮುಗಿಯಿತು. ಕಂಪನಿಯ ಜಾಹೀರಾತಿನಲ್ಲೂ ಆ ಅಂಗೈಯದೇ ಚಿತ್ರ.

ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಅವನ ತಂಗಿ ಕೆಲಸ ಮಾಡುತ್ತಿದ್ದಳು, ಸೌಂಡ್ ಎಂಜಿನಿಯರ್. ತಂಗಿ ಎನ್ನುವುದು ಹೆಸರಿಗೆ ಮಾತ್ರ. ಅವಳಿಗೆ ನಾಲ್ಕು ವರ್ಷ, ಇವನಿಗೆ ಹತ್ತೊಂಬತ್ತು ಆಗಿದ್ದಾಗ ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದರು. ಆಮೇಲೆ ಅವಳ ಜಡೆ ಹೆಣೆದವನೂ ಇವನೇ, ಶಾಲೆಗೆ ಹೋಗಿ ಟೀಚರ ಬೈಗುಳ ತಿಂದವನೂ ಇವನೇ. ಶಾಲೆ ಬಿಟ್ಟು ಬಂದು ಶೆಡ್ಡಿನ ಮೂಲೆಯಲ್ಲಿ ಕೂತು ಓದುತ್ತಿದ್ದ ಹುಡುಗಿ ತಲೆ ಎತ್ತದೆಯೇ "ಅಣ್ಣ, ಆ ಪೈಪಲ್ಲಿ ಬಿರುಕಿದೆ" ಎನ್ನುತ್ತಿದ್ದಳು. ಬಿರುಕು ಇದ್ದೇ ಇರುತ್ತಿತ್ತು. ಈಗ ಅವಳಿಗೆ ನಲವತ್ತೊಂದು. ಮೂರನೆಯ ಮಹಡಿಯವರು ಶೆಡ್ಡಿನವರನ್ನು ಕಂಡರೆ ಮೂಗು ಮುರಿಯುತ್ತಾರೆ, ಇವಳು ಮಾತ್ರ ಮಧ್ಯಾಹ್ನವಾದರೆ ಊಟದ ಡಬ್ಬಿ ಹಿಡಿದು ಇಳಿದು ಬರುತ್ತಿದ್ದಳು. ಮ್ಯಾನೇಜರ್ ಎದುರಿಗೇ ಇರಲಿ, ಮೇಸ್ತ್ರಿ ಅವಳನ್ನು "ಪುಟ್ಟಿ" ಎಂದೇ ಕರೆಯುತ್ತಿದ್ದ. ಹಾಗೆ ಕರೆಯುವಾಗ ಅವನ ಎದೆ ಒಂದು ಅಂಗುಲ ಉಬ್ಬುತ್ತಿತ್ತು.

ಎರಡು ವರ್ಷದ ಹಿಂದೆ ಅಂಥದೇ ಒಂದು ಊಟದ ಹೊತ್ತಿನಲ್ಲಿ ಅವಳು ಡಬ್ಬಿ ಬಿಚ್ಚುತ್ತಿದ್ದಳು. ಮೇಸ್ತ್ರಿ ಆಗಷ್ಟೇ ಬೆಸುಗೆ ಹಾಕಿದ ಕೊಳವೆಯನ್ನು ಬರಿಗೈಯಲ್ಲಿ ಎತ್ತಿ ಅವಳಿಗೆ ತೋರಿಸುತ್ತ ಏನೋ ವಿವರಿಸುತ್ತಿದ್ದ. ಸುಟ್ಟ ವಾಸನೆ ಬಂದದ್ದು ಅವಳಿಗೆ. ಕಿರುಚಿ ಕೊಳವೆಯನ್ನು ತಟ್ಟಿ ಬೀಳಿಸಿದಳು. ಅವನ ಅಂಗೈಯ ಚರ್ಮ ಕೊಳವೆಗೆ ಅಂಟಿಕೊಂಡಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ಡಾಕ್ಟರು ಸೂಜಿ ಚುಚ್ಚಿ ನೋಡಿ, ಮೂವತ್ತು ವರ್ಷ ಗ್ರೈಂಡರ್ ಹಿಡಿದು ಹಿಡಿದು ಬಲಗೈ ನರಗಳು ಸತ್ತಿವೆ, ಇನ್ನು ಸ್ಪರ್ಶ ಬರುವುದಿಲ್ಲ ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಮೇಸ್ತ್ರಿ ತಂಗಿಯ ಎರಡೂ ಕೈ ಹಿಡಿದುಕೊಂಡ.

"ಯಾರಿಗೂ ಗೊತ್ತಾಗ್ಬಾರ್ದು ಪುಟ್ಟಿ. ನಿನ್ನ ಅತ್ತಿಗೆಗೂ ಹೇಳ್ಬೇಡ."

"ಹೇಳಲ್ಲ ಬಿಡಣ್ಣ."

ಆಮೇಲೆ ಮೂರು ಹೊಸ ಮಾದರಿ ಬಂದವು. ಮೂರಕ್ಕೂ ಮೇಸ್ತ್ರಿ ಶೂ ಬಿಚ್ಚಿಟ್ಟು ಕೂತ, ಸತ್ತ ಕೈಯನ್ನು ನೆಲಕ್ಕೆ ಒತ್ತಿದ, ಕಣ್ಣು ಮುಚ್ಚಿದ, ಎರಡೂ ಚೌಕಕ್ಕೆ ಗುರುತು ಹಾಕಿದ. ಕಿವಿ ಗಟ್ಟಿಯಾಗಿದೆಯಲ್ಲ, ಕೊಳವೆ ನನ್ನದೇ ಅಲ್ಲವೇ, ಏನು ತಪ್ಪಾದೀತು ಎಂದು ತನಗೆ ತಾನೇ ಹೇಳಿಕೊಂಡ. ಕದ್ದು ತಿಂದವನೂ ಹೊಟ್ಟೆ ಸವರಿಕೊಂಡು ಹೀಗೇ ಸಮಾಧಾನ ಹೇಳಿಕೊಳ್ಳುತ್ತಾನೆ. ಏನೂ ತಪ್ಪಾಗಲಿಲ್ಲ ಎಂಬುದೂ ನಿಜ.

ನಾಲ್ಕನೆಯದು ಬೂದು ಬಣ್ಣದ ಕಾರು. ಕಾನೂನು ಬದಲಾಗಿತ್ತು, ಬೀದಿಗೆ ಸದ್ದು ಕೇಳಿಸುವಂತಿಲ್ಲ. ಎಂಜಿನ್ನೂ ಕಿರಿದು. ಗಾಜು ಎರಡು ಪದರ, ನೆಲಕ್ಕೆ ಸದ್ದು ತಡೆಯುವ ದಪ್ಪ ಹಾಸು. ಹೊರಗೆ ಕೇಳಬಾರದು, ಒಳಗೆ ಕೂತವನಿಗೆ ಮಾತ್ರ ಹುಲಿ ಗರ್ಜಿಸಬೇಕು ಎಂದರು ಮೂರನೆಯ ಮಹಡಿಯವರು. ಮೇಸ್ತ್ರಿ ಎಂಟು ತಿಂಗಳು ಒದ್ದಾಡಿದ. ಹದಿನಾರು ಕೊಳವೆ ಮಾಡಿದ. ಹದಿನಾರರಲ್ಲೂ ಕಾರು ಹೊಲಿಗೆ ಯಂತ್ರದ ಹಾಗೆ ಗೊಣಗಿತು. ಸೈಲೆನ್ಸರ್ ಶೆಡ್ಡು ಇನ್ನು ಬೇಕೇ ಎಂಬ ಮಾತು ಮಹಡಿಯ ಮೇಲೆ ಹುಟ್ಟಿದೆ ಎಂದು ಚಹಾದ ಹೊತ್ತಿನಲ್ಲಿ ಯಾರೋ ಅಂದರು. ಅವತ್ತಿನಿಂದ ಅವನಿಗೆ ಊಟ ರುಚಿಸಲಿಲ್ಲ.

ಅದೇ ದಿನಗಳಲ್ಲಿ ತಂಗಿ ಮೈಕುಗಳನ್ನು ಹೊತ್ತುಕೊಂಡು ಬಂದಳು. "ಅಣ್ಣ, ನಿನ್ನ ಹಳೇ ಕಾರುಗಳ ಸದ್ದೆಲ್ಲ ಹಿಡಿದಿಡೋಣ. ಮುಂದೆ ಇಂಥದ್ದೊಂದು ಇತ್ತು ಅಂತ ಯಾರಿಗೂ ಗೊತ್ತೇ ಇರಲ್ಲ" ಎಂದಳು. ಒಂದು ವಾರ ಹಿಡಿದರು. ಹನ್ನೆರಡು ವರ್ಷದ ಹಿಂದಿನ ಕೆಂಪು ಕಾರು ಒಂದಿತ್ತು, ಮೇಸ್ತ್ರಿಯ ಜೀವಮಾನದ ಕೆಲಸ. ಅದನ್ನು ಎರಡು ದಿನ ಹಿಡಿದರು. ಅವನು ಮದುಮಗನನ್ನು ಸಿಂಗರಿಸುವ ಹಾಗೆ ಕೊಳವೆಯ ಬಾಯಿಗಳನ್ನೆಲ್ಲ ಉಜ್ಜಿ ಹೊಳಪು ಮಾಡಿ ಕೊಟ್ಟ. ಸದ್ದಿಗೆ ಹೊಳಪು ಯಾಕೆ ಎಂದು ಅವಳೂ ಕೇಳಲಿಲ್ಲ.

ಹದಿನೇಳನೆಯ ಕೊಳವೆ ಕೂರಿಸಿದ ಮಾರನೆಯ ಬೆಳಿಗ್ಗೆ ಅವಳೇ ಬಂದು ಕರೆದಳು. "ಬಾ ಅಣ್ಣ, ಒಂದ್ಸಲ ಕೇಳು. ನೆಲದ ಹಾಸು ಎರಡು ಕಡೆ ತೆಗೆಸಿದ್ದೀನಿ. ಈಗ ನಿನ್ನ ಪೈಪಿನ ಸದ್ದು ಒಳಗೆ ಬರುತ್ತೆ."

ಮ್ಯಾನೇಜರ್ ಸಾಹೇಬರು, ಮಹಡಿಯ ಏಳೆಂಟು ಜನ, ಕ್ಯಾಮೆರಾದವನೊಬ್ಬ, ಎಲ್ಲ ಅಂಗಳದಲ್ಲಿ ಸೇರಿದ್ದರು. ಮೇಸ್ತ್ರಿ ಶೂ ಬಿಚ್ಚಿದ. ಕೂತ. ಬಗ್ಗಿ ಕೈ ಒತ್ತಿದ. ಡ್ರೈವರ್ ಕಾಲು ಅದುಮಿದ್ದೇ ತಡ, ಬೆನ್ನ ಹಿಂದಿನಿಂದ ಆ ಸದ್ದು ಎದ್ದು ಬಂತು. ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ ಒರಟಾಗಿ, ಆಮೇಲೆ ತುಂಬಿಕೊಂಡು, ಮೇಲಕ್ಕೆ, ಇನ್ನೂ ಮೇಲಕ್ಕೆ. ಕಾಲು ತೆಗೆದಾಗ ಚಟಪಟ ಎರಡು ಸಿಡಿತ. ಕೆಂಪು ಕಾರಿನ ಒಡಹುಟ್ಟಿದ ಸದ್ದೇ. ಎಂಟು ತಿಂಗಳ ಅವಮಾನ ಒಂದು ಸುತ್ತಿನಲ್ಲಿ ತೊಳೆದುಹೋಯಿತು. ಕಣ್ಣು ಮುಚ್ಚಿದ್ದರೂ ನೀರು ಹೊರಗೆ ಬಂತು, ಒರೆಸಿಕೊಳ್ಳಲಿಲ್ಲ. ನನ್ನ ಶೆಡ್ಡು ಉಳಿಯಿತು, ನಾನು ಉಳಿದೆ ಎಂದು ಅವನ ಮನಸ್ಸು ಕೂಗುತ್ತಿತ್ತು. ನೆಲದ ಮೇಲಿದ್ದ ಕೈಯನ್ನು ಇನ್ನಷ್ಟು ಒತ್ತಿದ, ಎಲ್ಲ ತಿಳಿಯುತ್ತಿರುವವನ ಹಾಗೆ.

ಇಳಿದಾಗ ಚೀಟಿ ಹಿಡಿದು ನಿಂತಿದ್ದವಳು ತಂಗಿ. ಪೆನ್ನು ಕೊಟ್ಟವಳೂ ಅವಳೇ. ಅವನು ಎರಡೂ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದ. ಎಲ್ಲ ಚಪ್ಪಾಳೆ ತಟ್ಟಿದರು. ಅವಳು ಚೀಟಿ ಮಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅವಳಿಗೂ ಅಳು ಬಂದಿದೆ ಎಂದುಕೊಂಡ ಆ ಪುಣ್ಯಾತ್ಮ.

ಮೂರು ವಾರ ಅವನು ನೆಲದ ಮೇಲೆ ನಡೆಯಲಿಲ್ಲ. ಆಮೇಲೆ ಒಂದು ದಿನ ಆ ಬೂದು ಕಾರು ಶೆಡ್ಡಿಗೆ ಬಂತು. ಬಾಗಿಲ ಬಳಿ ಏನೋ ಕರಕರ ಎನ್ನುತ್ತದೆಂದು ವೈರಿಂಗಿನವನ ಕೈಗೆ ಕೊಟ್ಟಿದ್ದರು. ಆ ವೈರಿಂಗಿನವನಿಗೆ ಎಲ್ಲರೂ ಕರೆಂಟು ಎಂದು ಅಡ್ಡಹೆಸರಿಟ್ಟಿದ್ದರು, ಮುಟ್ಟಿದರೆ ಮಾತು ಸಿಡಿಯುವ ಆಸಾಮಿ. ಅವನು ಬಾಗಿಲು ಬಿಚ್ಚಿಟ್ಟು ಊಟಕ್ಕೆ ಹೋಗಿದ್ದ. ಅಂಗಳದಲ್ಲಿ ಲಾರಿ ಬಂದದ್ದರಿಂದ ಕಾರನ್ನು ಪಕ್ಕಕ್ಕೆ ಸರಿಸಬೇಕಾಯಿತು. ಡ್ರೈವರ್ ಕೂತ, ಮೇಸ್ತ್ರಿಯೂ ಆಸೆಗೆ ಶೂ ಬಿಚ್ಚಿಟ್ಟು ಪಕ್ಕದಲ್ಲಿ ಕೂತ. "ಸ್ವಲ್ಪ ಒತ್ತಪ್ಪ, ಕೇಳೋಣ."

ಡ್ರೈವರ್ ಒತ್ತಿದ. ಹೊಲಿಗೆ ಯಂತ್ರ ಗೊಣಗಿತು.

"ಇನ್ನೂ ಒತ್ತು."

ಹೊಲಿಗೆ ಯಂತ್ರ ಇನ್ನಷ್ಟು ವೇಗವಾಗಿ ಗೊಣಗಿತು. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ಕೊಳವೆ ಎಲ್ಲೋ ಕಳಚಿದೆ, ಬೆಸುಗೆ ಬಿಟ್ಟಿದೆ, ತನ್ನ ಕೆಲಸವೇ ಕೈಕೊಟ್ಟಿದೆ! ಕಾರನ್ನು ಮೇಲೆತ್ತಿಸಿ ಕೆಳಗೆ ನುಗ್ಗಿದ. ಒಂದು ಗಂಟೆ ಹುಡುಕಿದ. ಒಂದೊಂದು ಬೆಸುಗೆಗೂ ಸ್ಕ್ರೂಡ್ರೈವರ್ ತಾಗಿಸಿ, ಅದರ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತಲೆಬುರುಡೆಯಿಂದ ಕೇಳಿದ. ಎಲ್ಲ ಗಟ್ಟಿ. ಮೈಯೆಲ್ಲ ಎಣ್ಣೆ, ಬೆವರು. ಶೆಡ್ಡಿನವರು ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಅಷ್ಟರಲ್ಲಿ ಕರೆಂಟು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ಬಂದ.

"ಏನ್ ಮೇಸ್ತ್ರಿ, ಯಾಕೆ ಗಾಡಿ ಕೆಳಗೆ ಹೋಗಿದ್ದೀರಿ?"

"ಸದ್ದು ಹೋಗಿದೆ ಕಣೋ. ಪೈಪೆಲ್ಲೋ ಬಿಟ್ಟಿದೆ."

ಕರೆಂಟು ಹೊಟ್ಟೆ ಹಿಡಿದುಕೊಂಡು ನಕ್ಕ. "ಪೈಪಲ್ಲೇನಿದೆ ಮೇಸ್ತ್ರಿ? ಸದ್ದು ನನ್ನ ಜೇಬಲ್ಲಿದೆ ನೋಡಿ!" ಎಂದು ಪುಟ್ಟ ಫ್ಯೂಸೊಂದನ್ನು ತೆಗೆದು ತೋರಿಸಿದ. ಮೇಸ್ತ್ರಿಯ ಮುಖ ನೋಡಿದವನೇ ನಗು ನಿಲ್ಲಿಸಿದ. "ನಿಮಗೆ ಗೊತ್ತಿಲ್ವಾ? ಸೀಟಿನ ಹಿಂದೆ ಎರಡು ದೊಡ್ಡ ಸ್ಪೀಕರ್ ಇಟ್ಟಿದ್ದಾರಲ್ಲ. ಗಾಡಿ ಓಡಿದ ಹಾಗೆ ಅದೇ ಕೂಗುತ್ತೆ. ಕರಕರ ಹುಡುಕೋಕೆ ಅಂತ ಅದರ ಫ್ಯೂಸು ತೆಗೆದಿದ್ದೆ. ನಾನು ನಿಮ್ಮನ್ನ ಕೇಳೇ ಮಾಡಿದ್ದಾರೆ ಅಂದ್ಕೊಂಡಿದ್ದೆ."

ಮೇಸ್ತ್ರಿ ತಾನೇ ಫ್ಯೂಸು ಹಾಕಿ ನೋಡಿದ, ತೆಗೆದು ನೋಡಿದ. ಹಾಕಿದರೆ ಹುಲಿ, ತೆಗೆದರೆ ಬೆಕ್ಕು. ನಾಲ್ಕು ಸಲ ಮಾಡಿದ. ಐದನೆಯ ಸಲ ತೆಗೆದವನು ಅದನ್ನು ಮುಷ್ಟಿಯಲ್ಲಿ ಹಿಡಿದು, ಎಣ್ಣೆ ಮೆತ್ತಿದ ಬಟ್ಟೆಯಲ್ಲೇ, ಬರಿಗಾಲಲ್ಲೇ ಮೂರನೆಯ ಮಹಡಿಗೆ ಹತ್ತಿದ. ಬೇರೆ ಯಾರಾದರೂ ಕಿವಿಯ ಮೇಲೆ ಹೂವಿಟ್ಟಿದ್ದರೆ ನಕ್ಕುಬಿಡಬಹುದಿತ್ತು. ಇದು ತಾನು ಸಾಕಿದ ತಂಗಿಯ ಕೈ.

ಅವಳ ಕೋಣೆಯ ಗೋಡೆಗೆಲ್ಲ ಸ್ಪಂಜು. ಮಾತಾಡಿದರೆ ಮಾತು ಬಾಯಿಂದ ಹೊರಟು ಅಲ್ಲೇ ಬಿದ್ದುಹೋಗುತ್ತದೆ. ಅವನು ಫ್ಯೂಸನ್ನು ಅವಳ ಮೇಜಿನ ಮೇಲಿಟ್ಟ. ಅವಳು ಹೆಡ್‌ಫೋನ್ ತೆಗೆದು ಅದನ್ನು ನೋಡಿದಳು.

"ಯಾರು ಕೊಟ್ರು ಇದನ್ನ?"

"ಇದೇನು ಅಂತ ಕೇಳ್ಲಿಲ್ಲ ನೀನು. ಯಾರು ಕೊಟ್ರು ಅಂತ ಕೇಳ್ದೆ."

"ಕೂತ್ಕೋ ಅಣ್ಣ."

"ನಿಂತಿರ್ತೀನಿ."

"ಅದು ನಿನ್ನದೇ ಸದ್ದು. ಕೆಂಪು ಕಾರಿಂದು. ಬೇರೆ ಕಂಪನಿಯವ್ರು ಕಂಪ್ಯೂಟರಲ್ಲೇ ಹುಟ್ಟಿಸ್ತಾರೆ. ನಾನು ಜಗಳ ಆಡಿ ನಿನ್ನದನ್ನೇ ಹಾಕಿಸ್ದೆ."

"ಹುಡುಗಿಯ ಹಳೇ ಫೋಟೋ ತೋರ್ಸಿ ಮದುವೆ ಮಾಡ್ಸಿದ ಹಾಗಾಯ್ತು. ನೆಲದ ಹಾಸು ತೆಗ್ಸಿದ್ದೀನಿ ಅಂದ್ಯಲ್ಲ?"

ಅವಳು ತಲೆ ಅಲ್ಲಾಡಿಸಿದಳು. "ತೆಗ್ಸಿರ್ಲಿಲ್ಲ."

"ನನ್ನ ಕೈ ಸರಿಯಾಗಿದ್ದಿದ್ರೆ ಹೀಗೆ ಮಾಡ್ತಿದ್ಯಾ?"

ಅವಳು ಹೆಡ್‌ಫೋನಿನ ವೈರು ಸುತ್ತಿಟ್ಟಳು. "ಮಾಡೋಕೆ ಆಗ್ತಿರ್ಲಿಲ್ಲ" ಎಂದಳು.

ಅವಳು ಸುಳ್ಳಾದರೂ ಹೇಳಬಾರದಿತ್ತೇ ಎನಿಸಿತು ಅವನಿಗೆ. ಊರವರೆಲ್ಲ ಸೇರಿ ಮೋಸ ಮಾಡಿದ್ದರೆ ಸಿಟ್ಟು ಬರುತ್ತಿತ್ತು, ಕೂಗಾಡಿ ಸಮಾಧಾನ ಮಾಡಿಕೊಳ್ಳುತ್ತಿದ್ದ. ಇದು ಹಾಗಲ್ಲ. ಜಗತ್ತಿನಲ್ಲಿ ಒಬ್ಬಳಿಗೆ ಮಾತ್ರ ತನ್ನ ಗಾಯ ಎಲ್ಲಿದೆ ಎಂದು ತೋರಿಸಿದ್ದ, ಅವಳು ಅಳತೆ ತೆಗೆದುಕೊಂಡು ಅಲ್ಲಿಗೇ ಸರಿಯಾಗಿ ಕೈ ಹಾಕಿದ್ದಳು.

"ಶೆಡ್ಡು ಮುಚ್ತೀವಿ ಅಂತಿದ್ರು" ಎಂದಳು ಅವಳು. "ನೀನು ಒಪ್ಪಿದ್ರೆ ಇನ್ನೂ ನಾಲ್ಕು ವರ್ಷ, ನಿನ್ನ ನಿವೃತ್ತಿ ತನಕ ನಡೀತಿತ್ತು. ನಿಂಗೆ ಹೇಳಿದ್ರೆ ನೀನು ಒಪ್ತಿದ್ಯಾ?"

"ಇಲ್ಲ."

"ಮತ್ತೆ?" ಈಗ ಅವಳ ಧ್ವನಿಯೂ ಏರಿತು. "ನೀನೂ ಎರಡು ವರ್ಷದಿಂದ ಆ ಚೌಕಕ್ಕೆ ಗುರುತು ಹಾಕ್ತಾ ಇದ್ದೀಯ. ಒಂದು ದಿನವಾದ್ರೂ ಕೇಳಿದ್ನಾ ನಾನು?"

ಅವನು ಫ್ಯೂಸನ್ನು ಮೇಜಿನ ಮೇಲೇ ಬಿಟ್ಟ. ಇಳಿದು ಬಂದ. ಮನೆಯಲ್ಲಿ ಹೆಂಡತಿ "ಯಾಕೆ, ಮುಖ ಹೀಗಿದೆ? ನಿಮ್ಮ ತಂಗಿ ಎರಡು ಸಲ ಫೋನ್ ಮಾಡಿದ್ಲು" ಎಂದಳು. ತಲೆನೋವು ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ. ತಂಗಿ ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಅವನಿಗೆ ಒಳಗೆ ಇಳಿದಿತ್ತು. ಹೌದು, ತನ್ನ ಸುಳ್ಳಿನ ಬಾಗಿಲಿಂದಲೇ ಅವಳ ಸುಳ್ಳು ಒಳಗೆ ಬಂದದ್ದು. ಹಾಗಾದರೆ ಮೊದಲು ಆ ಬಾಗಿಲು ಮುಚ್ಚಬೇಕು. ಕೆಲಸ ಹೋದರೆ ಹೋಗಲಿ, ಶೆಡ್ಡು ಹೋದರೆ ಹೋಗಲಿ. ಸಹಿ ತನ್ನದು, ಅದನ್ನು ವಾಪಸ್ ತೆಗೆದುಕೊಳ್ಳಬೇಕು. ಹಾಗೆ ನಿಶ್ಚಯಿಸಿದ ಮೇಲೆ ಅವನಿಗೆ ನಿದ್ದೆಯೂ ಬಂತು.

ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ತೊಟ್ಟು ಮ್ಯಾನೇಜರ್ ಕೋಣೆಗೆ ಹೋದ. ಮ್ಯಾನೇಜರ್ ಎದ್ದು ನಿಂತು ಕೈ ಕುಲುಕಿದರು. ಅವರು ಕೆಟ್ಟವರಲ್ಲ, ಎಲ್ಲರೂ ಸುಖವಾಗಿದ್ದರೆ ತಾನೂ ಸುಖವಾಗಿರುವ ಜಾತಿ.

"ಸಾರ್, ಬೂದು ಕಾರಿಗೆ ನಾನು ಕೊಟ್ಟ ಒಪ್ಪಿಗೆ ವಾಪಸ್ ತಗೋತೀನಿ. ಅದು ಸ್ಪೀಕರ್ ಸದ್ದು. ನನ್ನ ಪೈಪಿಂದಲ್ಲ."

ಮ್ಯಾನೇಜರ್ ಕಕ್ಕಾಬಿಕ್ಕಿಯಾದರು. "ಅದು ಗೊತ್ತಿದ್ದೇ ತಾನೇ ಮೇಸ್ತ್ರಿ ನೀವು ಸಹಿ ಮಾಡಿದ್ದು? ಅಣ್ಣನಿಗೆ ಎಲ್ಲ ಹೇಳಿದ್ದೀನಿ, ಒಪ್ಪಿದ್ದಾನೆ ಅಂದ್ರಲ್ಲ ನಿಮ್ಮ ತಂಗಿ. ಇಲ್ಲದೇ ಇದ್ರೆ ನಿಮ್ಮ ಕೈಗೆ ಗೊತ್ತಾಗ್ತಿರ್ಲಿಲ್ವಾ?"

"ಗೊತ್ತಾಗಲ್ಲ ಸಾರ್. ಈ ಕೈ ಸತ್ತು ಎರಡು ವರ್ಷ ಆಯ್ತು. ಇದಕ್ಕೆ ಮುಂಚಿನ ಮೂರು ಗಾಡಿಗೂ ನಾನು ಸುಳ್ಳು ಗುರುತು ಹಾಕಿದ್ದೀನಿ. ಅದನ್ನೂ ಬರ್ಕೊಳ್ಳಿ."

ಮೂವತ್ತೊಂದು ವರ್ಷದಲ್ಲಿ ಇಷ್ಟು ಕಷ್ಟದ ಮಾತನ್ನು ಅವನು ಆಡಿರಲಿಲ್ಲ. ಆಡಿದ ಮೇಲೆ ಎದೆ ಹಗುರಾಯಿತು. ಮ್ಯಾನೇಜರ್ ಹಣೆ ಒರೆಸಿಕೊಂಡು ಫೋನೆತ್ತಿ ತಂಗಿಯನ್ನು ಕರೆಸಿದರು. ಅವಳು ಬಂದು ಬಾಗಿಲ ಬಳಿಯೇ ನಿಂತಳು.

"ಮೇಡಂ, ಇವರ ಕೈಗೆ ಸ್ಪರ್ಶ ಇಲ್ವಂತೆ. ಎರಡು ವರ್ಷ ಆಯ್ತಂತೆ. ಹೌದಾ?"

ಮೇಸ್ತ್ರಿ ಅವಳ ಕಡೆ ತಿರುಗಿದ. ಅವನಿಗೆ ಅವಳ ಮೇಲೆ ಆಗಲೂ ನಂಬಿಕೆಯಿತ್ತು ಎಂದರೆ ನೀವು ನಗಬಹುದು. ಇತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದವಳು ಅವಳೊಬ್ಬಳೇ, ಹೂಂ ಎಂದರೆ ಸಾಕು, ಉಳಿದದ್ದನ್ನೆಲ್ಲ ಮರೆತುಬಿಡಲು ಅವನು ತಯಾರಾಗಿದ್ದ. ಹೂಂ ಅನ್ನು ಪುಟ್ಟಿ ಎಂದು ಕಣ್ಣಲ್ಲೇ ಬೇಡಿದ.

ಅವಳು ಅಣ್ಣನನ್ನು ನೋಡಲಿಲ್ಲ, ಮ್ಯಾನೇಜರನ್ನು ನೋಡಿದಳು.

"ಇಲ್ಲ ಸಾರ್. ಅವನ ಕೈಗೆ ಏನೂ ಆಗಿಲ್ಲ. ಸ್ಪೀಕರ್ ವಿಷಯ ಅವನಿಗೂ ಮೊದಲೇ ಹೇಳಿದ್ದೆ. ಶೆಡ್ಡಲ್ಲಿ ಯಾರೋ ನಕ್ಕರಂತೆ, ಅದಕ್ಕೆ ಬೇಜಾರು ಮಾಡ್ಕೊಂಡಿದ್ದಾನೆ. ನಾಲ್ಕು ದಿನದಲ್ಲಿ ಸರಿಹೋಗ್ತಾನೆ."

ಮ್ಯಾನೇಜರ್ ದೊಡ್ಡ ಉಸಿರು ಬಿಟ್ಟರು. ನಂಬಲು ಅವರಿಗೆ ಆತುರವಿತ್ತು. ಮೇಸ್ತ್ರಿ ಮೇಜಿನ ಮೇಲಿದ್ದ ಗುಂಡುಪಿನ್ನೊಂದನ್ನು ತೆಗೆದು ಬಲ ಅಂಗೈಗೆ ತಲೆಯವರೆಗೂ ಚುಚ್ಚಿ ಅವರ ಮುಂದೆ ಹಿಡಿದ. ರಕ್ತ ಒಂದು ಹನಿ ಬಂತು. ಅವನ ಕಣ್ಣು ರೆಪ್ಪೆ ಬಡಿಯಲಿಲ್ಲ.

"ಅಯ್ಯೋ, ಏನ್ ಮಾಡ್ತಿದ್ದೀರಿ! ನಿಮ್ಮದು ಕಬ್ಬಿಣದ ಕೈ ಅಂತ ಎಲ್ಲರಿಗೂ ಗೊತ್ತು ಮೇಸ್ತ್ರಿ" ಎಂದು ಮ್ಯಾನೇಜರ್ ತಾವೇ ಪಿನ್ನು ಕಿತ್ತು, ತಮ್ಮ ಕರವಸ್ತ್ರ ಸುತ್ತಿದರು. ಬೆನ್ನು ತಟ್ಟಿ, "ಒಂದು ವಾರ ರಜೆ ತಗೊಳ್ಳಿ. ಸಹಿ ಹಾಗೇ ಇರಲಿ. ಜಾಹೀರಾತೂ ಅಚ್ಚಾಗಿಹೋಗಿದೆ" ಎಂದರು.

ಹೊರಗೆ ಅವನು ಗೋಡೆ ಹಿಡಿದುಕೊಂಡು ನಡೆದ. ಅವಳು ಹಿಂದೆಯೇ ಓಡಿ ಬಂದು ಮೆಟ್ಟಿಲ ತುದಿಯಲ್ಲಿ ಅಡ್ಡ ನಿಂತಳು. ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ನಿನ್ನ ಕೆಲಸ ಹೋಗ್ತಿತ್ತು ಅಣ್ಣ. ಮೂರು ಗಾಡಿ ವಾಪಸ್ ತರಿಸ್ತಿದ್ರು. ನಿನ್ನ ಮೂವತ್ತೊಂದು ವರ್ಷದ ಹೆಸರೆಲ್ಲ ಮಣ್ಣುಪಾಲಾಗ್ತಿತ್ತು. ಅದಕ್ಕೇ ಹಾಗಂದೆ. ಬೈಯಾದ್ರೂ ಬೈ. ಕಪಾಳಕ್ಕೆ ಹೊಡಿ ಬೇಕಾದ್ರೆ. ಏನಾದ್ರೂ ಮಾತಾಡು."

ಮೇಸ್ತ್ರಿ ಅವಳ ಮುಖ ನೋಡಿದ. ಅಷ್ಟು ಹತ್ತಿರದಿಂದ ಅವಳ ತಲೆಯಲ್ಲಿ ನಾಲ್ಕೈದು ಬಿಳಿ ಕೂದಲು ಕಂಡವು, ಯಾವಾಗ ಬಂದವೋ ಅವನಿಗೆ ಗೊತ್ತಿರಲಿಲ್ಲ. ಒಂದು ಮೆಟ್ಟಿಲು ಕೆಳಗಿಳಿದು, ಗೋಡೆಗೆ ಒತ್ತಿಕೊಂಡು, ಶೆಡ್ಡಿನವರು ಮಹಡಿಯವರಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದು ನಿಂತ.

"ನೀವು ಮೊದಲು ಹೋಗಿ ಮೇಡಂ" ಎಂದ.